ವಾಯಿದೆಯ ದಿನವೂ ಕೈಫೋನಿನ ಜ್ಞಾಪನೆಯೂ

ಕಿರುಗಾವಲು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿಗೆ ಸೇರಿದ ಹೋಬಳಿ ಕೇಂದ್ರ. ಮೈಸೂರಿನಿಂದ ಬನ್ನೂರಿನ ಮಾರ್ಗವಾಗಿ ಮಳವಳ್ಳಿಗೆ ಸಾಗುವ ರಸ್ತೆಯ ಮೇಲಿರುವ ಈ ಊರು ಭತ್ತದ ಗದ್ದೆಗಳಿಗೂ ಹಳೆಯ ಮಾವಿನ ತೋಪಿಗೂ ಹೆಸರಾದುದು. ಊರಿನಲ್ಲಿ ಪೊಲೀಸ್ ಠಾಣೆಯುಂಟು, ನಾಡಕಚೇರಿಯುಂಟು, ಶಾಲೆಗಳುಂಟು. ನ್ಯಾಯಾಲಯ ಮಾತ್ರ ಇಲ್ಲ. ಜಮೀನಿನ ಪಾಲಿನ ದಾವೆಯಾಗಲಿ, ಬದುವಿನ ಮೇಲಿನ ಹೊಡೆದಾಟದ ಮೊಕದ್ದಮೆಯಾಗಲಿ, ಚೆಕ್ಕು ಹಿಂದಿರುಗಿದ ಪ್ರಕರಣವಾಗಲಿ, ಮೊದಲು ಮಳವಳ್ಳಿಯ ಬಸ್ಸು ಹತ್ತಬೇಕು. ಸೆಷನ್ಸ್ ನ್ಯಾಯಾಲಯದ ವಿಚಾರಣೆಯಾದರೆ ಮಂಡ್ಯಕ್ಕೂ ಹೋಗಬೇಕಾದೀತು. ನ್ಯಾಯಾಲಯ ಗೊತ್ತುಪಡಿಸಿದ ದಿನಕ್ಕೆ ಜನರ ಬಾಯಲ್ಲಿ ‘ವಾಯಿದೆ’ ಎಂದು ಹೆಸರು. ಆ ದಿನ ಹೋಗದವನ ಪಾಡೇನು, ಅವನು ಏಕೆ ಹೋಗಲಿಲ್ಲ, ಅವನ ಜೇಬಿನಲ್ಲೇ ಇರುವ ಕೈಫೋನು ಅವನನ್ನು ಆ ದಿನ ಎಚ್ಚರಿಸಬಲ್ಲುದೇ ಎಂಬುದು ಈ ಲೇಖನದ ವಿಷಯ.

ಒಬ್ಬ ರೈತನನ್ನು ಭಾವಿಸಿಕೊಳ್ಳಬಹುದು. ಗೊಬ್ಬರದ ಅಂಗಡಿಗೆ ಕೊಟ್ಟ ಚೆಕ್ಕು ಹಣವಿಲ್ಲದೆ ಹಿಂದಿರುಗಿದೆ. ಅವನ ಮೇಲೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೆಯ ಪ್ರಕರಣದಂತೆ ಖಾಸಗಿ ದೂರು ದಾಖಲಾಗಿದೆ. ಮೊದಲ ಸಲ ಸಮನ್ಸು ಬಂದಾಗ ಅವನು ಹೋಗಿ, ವಕೀಲರನ್ನು ಗೊತ್ತುಮಾಡಿ, ಜಾಮೀನುದಾರನನ್ನು ಕರೆದೊಯ್ದು, ಮುಚ್ಚಳಿಕೆ ಬರೆದುಕೊಟ್ಟು ಬಂದಿದ್ದಾನೆ. ಎರಡನೆಯ ವಾಯಿದೆಗೂ ಹೋಗಿದ್ದಾನೆ. ಆ ದಿನ ನ್ಯಾಯಾಧೀಶರು ರಜೆಯಲ್ಲಿದ್ದರು. ಮೂರನೆಯದಕ್ಕೆ ಹೋಗಿದ್ದಾನೆ, ಪ್ರಕರಣ ಮುಂದಕ್ಕೆ ಹೋಯಿತು. ನಾಲ್ಕನೆಯ ವಾಯಿದೆಯ ವೇಳೆಗೆ ನಾಲೆಗೆ ನೀರು ಬಿಟ್ಟಿದ್ದಾರೆ, ನಾಟಿಗೆ ಆಳು ಸಿಕ್ಕಿದ್ದಾರೆ. ದಿನಾಂಕ ಬರೆದುಕೊಂಡಿದ್ದ ಚೀಟಿ ಯಾವ ಅಂಗಿಯ ಜೇಬಿನಲ್ಲಿತ್ತೋ ಆ ಅಂಗಿ ಒಗೆತಕ್ಕೆ ಹೋಗಿದೆ. ಮಳವಳ್ಳಿಯ ನ್ಯಾಯಾಲಯದ ಬಾಗಿಲಲ್ಲಿ ಜವಾನರು ಅವನ ಹೆಸರನ್ನು ಮೂರು ಬಾರಿ ಕೂಗುವ ಹೊತ್ತಿಗೆ ಅವನು ಮೊಣಕಾಲುದ್ದ ಕೆಸರಿನಲ್ಲಿದ್ದಾನೆ.

ಇಲ್ಲಿಂದ ಮುಂದಿನದು ಬಹು ಬೇಗ ನಡೆಯುತ್ತದೆ. ವಕೀಲರು ಅಂದಿನ ಹಾಜರಾತಿಗೆ ವಿನಾಯಿತಿ ಕೋರಿ ಅರ್ಜಿ ಸಲ್ಲಿಸಿದರೆ ಒಮ್ಮೆ ಮಾನ್ಯವಾದೀತು, ಎರಡು ಸಲ ಮಾನ್ಯವಾದೀತು. ಅನಂತರ ವಾರಂಟು ಹೊರಡುತ್ತದೆ. ವಾರಂಟಿಗೆ ಮರೆವೆಂಬುದಿಲ್ಲ, ಅದನ್ನು ಜಾರಿಗೊಳಿಸುವವರೆಗೆ ಅಥವಾ ಹೊರಡಿಸಿದ ನ್ಯಾಯಾಲಯವೇ ರದ್ದುಪಡಿಸುವವರೆಗೆ ಅದು ಜೀವಂತವಾಗಿರುತ್ತದೆಂದು ಕಾನೂನೇ ಹೇಳುತ್ತದೆ. ಹಬ್ಬದ ಮುನ್ನಾದಿನ ಠಾಣೆಯವರು ಮನೆಯ ಬಾಗಿಲಿಗೆ ಬಂದಾಗ ಮನೆಯವರಿಗಾಗುವ ಅವಮಾನ ಯಾವ ದಂಡದ ಲೆಕ್ಕಕ್ಕೂ ಸಿಗದು. ವಾರಂಟನ್ನು ಹಿಂಪಡೆಯಲು ಮತ್ತೊಂದು ಅರ್ಜಿ, ಮತ್ತೊಂದು ದಿನದ ಕೂಲಿ, ಹಲವು ವೇಳೆ ವೆಚ್ಚದ ರೂಪದಲ್ಲಿ ದಂಡ. ಜಾಮೀನು ನಿಂತ ನೆಂಟನಿಗೂ ಅವನ ಮುಚ್ಚಳಿಕೆಯ ಹಣವನ್ನು ಏಕೆ ಮುಟ್ಟುಗೋಲು ಹಾಕಿಕೊಳ್ಳಬಾರದೆಂದು ನೋಟೀಸು ಹೋಗಬಹುದು. ಚೆಕ್ಕಿನ ವ್ಯವಹಾರದಲ್ಲಿ ಯಾವ ಪಾಲೂ ಇಲ್ಲದ ಆ ಮನುಷ್ಯನೊಡನೆ ಮಾತು ಬಿಡುವಂತಾಗುತ್ತದೆ. ಜಾಮೀನಿನ ಮೇಲೆ ಬಿಡುಗಡೆಯಾದವನು ಸಾಕಷ್ಟು ಕಾರಣವಿಲ್ಲದೆ ಹಾಜರಾಗದಿರುವುದೇ ಸ್ವತಂತ್ರವಾದ ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 269ನೆಯ ಪ್ರಕರಣದಂತೆ ಅದಕ್ಕೆ ಒಂದು ವರ್ಷದವರೆಗಿನ ಕಾರಾಗೃಹವಾಸವನ್ನಾದರೂ ದಂಡವನ್ನಾದರೂ ಎರಡನ್ನೂ ಆದರೂ ವಿಧಿಸಬಹುದು.

ಸಿವಿಲ್ ದಾವೆಯಲ್ಲಿ ವಾರಂಟಿನ ಭಯವಿಲ್ಲ, ನಷ್ಟ ಮಾತ್ರ ಅದಕ್ಕಿಂತ ದೊಡ್ಡದಾಗಬಹುದು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೆಯ ಆದೇಶದಂತೆ ಪ್ರತಿವಾದಿ ಬಾರದಿದ್ದರೆ ಏಕಪಕ್ಷೀಯವಾಗಿ ವಿಚಾರಣೆ ನಡೆದು ಡಿಕ್ರಿಯಾಗಬಹುದು. ವಾದಿಯೇ ಬಾರದಿದ್ದರೆ ದಾವೆ ವಜಾ ಆಗಬಹುದು. ಏಕಪಕ್ಷೀಯ ಡಿಕ್ರಿಯನ್ನು ರದ್ದುಪಡಿಸಿಕೊಳ್ಳಲು ಅರ್ಜಿ ಸಲ್ಲಿಸುವ ಕಾಲಾವಧಿ ಮೂವತ್ತು ದಿನ. ತಂಗಿಯೊಬ್ಬಳು ತವರಿನ ಆಸ್ತಿಯಲ್ಲಿ ಪಾಲು ಕೇಳಿ ಹೂಡಿದ ದಾವೆ ಅವಳ ಗೈರುಹಾಜರಿಯಿಂದ ವಜಾ ಆದರೆ ಅದನ್ನು ಮತ್ತೆ ಕಡತಕ್ಕೆ ತರಿಸುವ ಶ್ರಮ, ಆಸ್ತಿಗಾಗಿ ಅಣ್ಣಂದಿರೊಡನೆ ನಿಷ್ಠುರ ಕಟ್ಟಿಕೊಂಡ ಶ್ರಮಕ್ಕೆ ಕಡಿಮೆಯದಲ್ಲ. ಸಿವಿಲ್ ದಾವೆಯಲ್ಲಿ ವಕೀಲರು ಹಾಜರಿದ್ದರೆ ಕಕ್ಷಿದಾರ ಪ್ರತಿ ವಾಯಿದೆಗೂ ಖುದ್ದಾಗಿ ಬರಬೇಕೆಂದಿಲ್ಲ, ನಿಜ; ಆದರೆ ಸಾಕ್ಷ್ಯದ ದಿನ, ಪಾಟೀಸವಾಲಿನ ದಿನ, ರಾಜಿಯ ದಿನ ಅವನಿಲ್ಲದೆ ನಡೆಯದು. ಯಾವ ದಿನ ಬರಲೇಬೇಕು, ಯಾವ ದಿನ ಬಾರದಿದ್ದರೂ ನಡೆಯುತ್ತದೆ ಎಂಬ ವ್ಯತ್ಯಾಸವೇ ಬಹುಮಂದಿಗೆ ತಿಳಿದಿರುವುದಿಲ್ಲ.

ಹಿಂದಿನ ಕಾಲದಲ್ಲಿ ನ್ಯಾಯಾಲಯದ ಕರೆಯನ್ನು ಊರಿಗೆ ತರುತ್ತಿದ್ದವರು ಅಮೀನರು. ಈಗಲೂ ತರುತ್ತಾರೆ. ಸಮನ್ಸಿನ ಪ್ರತಿಯನ್ನು ಕೈಗೆ ಕೊಟ್ಟು ಸಹಿ ಪಡೆಯುವುದು, ಆಸಾಮಿ ಸಿಗದಿದ್ದರೆ ಮನೆಯವರ ಕೈಗೆ ಕೊಡುವುದು, ಅದೂ ಆಗದಿದ್ದರೆ ಬಾಗಿಲಿಗೆ ಅಂಟಿಸಿ ಪಂಚರ ಮುಂದೆ ವರದಿ ಬರೆಯುವುದು ಅವರ ಕ್ರಮ. ಜಪ್ತಿಯ ಆಜ್ಞೆಯನ್ನು ತಮಟೆ ಬಾರಿಸಿ ಸಾರುವ ವಿಧಿಯನ್ನೂ ಸಿವಿಲ್ ಪ್ರಕ್ರಿಯಾ ಸಂಹಿತೆ ಇರಿಸಿಕೊಂಡಿದೆ. ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಆಸಾಮಿ ಮನೆಯಲ್ಲಿಲ್ಲದಾಗ ಸಮನ್ಸನ್ನು ಯಾರ ಕೈಗೆ ಕೊಡಬಹುದು? ಸಿವಿಲ್ ಸಂಹಿತೆಯಲ್ಲಿ ಮೊದಲು ‘ವಯಸ್ಕ ಪುರುಷ’ ಎಂದೇ ಇತ್ತು. 1976ರ ತಿದ್ದುಪಡಿಯಿಂದ ಹೆಣ್ಣಾಗಲಿ ಗಂಡಾಗಲಿ ಮನೆಯ ವಯಸ್ಕರೊಬ್ಬರ ಕೈಗೆ ಕೊಡಬಹುದೆಂದಾಯಿತು. ಕ್ರಿಮಿನಲ್ ಪ್ರಕರಣಗಳಲ್ಲಿ ಈ ಬದಲಾವಣೆ ಬರಲು ಇನ್ನೂ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ ‘ಪುರುಷ’ ಎಂಬ ಪದ, 2024ರ ಜುಲೈ 1ರಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದಾಗಲೇ ಬಿಟ್ಟುಹೋದುದು. ಅಲ್ಲಿಯವರೆಗೆ ಮನೆಯ ಯಜಮಾನಿ ಹೊಸ್ತಿಲಲ್ಲಿ ನಿಂತಿದ್ದರೂ ಕಾನೂನಿನ ಕಣ್ಣಿಗೆ ಆ ಮನೆಯಲ್ಲಿ ಸಮನ್ಸು ಪಡೆಯುವವರು ಯಾರೂ ಇರಲಿಲ್ಲ. ಗಂಡಸರೆಲ್ಲ ಬೆಂಗಳೂರಿಗೆ ಕೆಲಸಕ್ಕೆ ಹೋಗಿರುವ ಮನೆಗಳು ಮಂಡ್ಯ ಜಿಲ್ಲೆಯಲ್ಲಿ ಎಷ್ಟಿವೆಯೆಂದು ಬಲ್ಲವರಿಗೆ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ.

ಆದರೆ ಅಮೀನರ ಈ ಎಲ್ಲ ಎಚ್ಚರಿಕೆಯೂ ಮೊದಲ ವಾಯಿದೆಗೆ ಮಾತ್ರ ಎಂಬುದನ್ನು ಮರೆಯಲಾಗದು. ಒಮ್ಮೆ ಹಾಜರಾದವನಿಗೆ ಮುಂದಿನ ದಿನಾಂಕಗಳನ್ನು ತಿಳಿಸುವ ಹೊಣೆಯನ್ನು ಕಾನೂನು ಯಾರ ತಲೆಯ ಮೇಲೂ ಪ್ರತ್ಯೇಕವಾಗಿ ಹೊರಿಸಿಲ್ಲ. ತೆರೆದ ನ್ಯಾಯಾಲಯದಲ್ಲಿ ದಿನಾಂಕವನ್ನು ಹೇಳಲಾಗುತ್ತದೆ, ಕೇಳಿಸಿಕೊಂಡವನು ಕೇಳಿಸಿಕೊಂಡ. ಆಮೇಲೆ ಇರುವುದು ವಕೀಲರ ದಿನಚರಿ ಪುಸ್ತಕ ಮತ್ತು ಅವರ ಗುಮಾಸ್ತರ ನೆನಪು. ಈ ಗುಮಾಸ್ತರ ಸೇವೆ ಎಲ್ಲಿಯೂ ದಾಖಲಾಗುವುದಿಲ್ಲವಾದರೂ ತಾಲ್ಲೂಕು ನ್ಯಾಯಾಲಯಗಳು ನಡೆಯುತ್ತಿರುವುದು ಬಹುಮಟ್ಟಿಗೆ ಅವರಿಂದಲೇ ಎನ್ನಬಹುದು. ಸಂತೆಯ ದಿನ ಬಸ್‌ ನಿಲ್ದಾಣದಲ್ಲಿ ಕಕ್ಷಿದಾರನನ್ನು ಕಂಡು, “ಗುರುವಾರ ನಿಮ್ಮ ಕೇಸಿದೆ, ಮರೀಬೇಡಿ” ಎಂದು ಹೇಳುವ ಗುಮಾಸ್ತರೇ ಜ್ಞಾಪನೆಯ ಮೊದಲ ಯಂತ್ರ. ಆದರೆ ಒಬ್ಬ ಗುಮಾಸ್ತರ ಕೈಯಲ್ಲಿ ನೂರಾರು ಕಡತಗಳಿದ್ದಾಗ, ಶುಲ್ಕ ಬಾಕಿ ಉಳಿಸಿಕೊಂಡ ಕಕ್ಷಿದಾರ ಕಣ್ಣು ತಪ್ಪಿಸಿ ತಿರುಗುವಾಗ, ಈ ಯಂತ್ರ ನಿಲ್ಲುತ್ತದೆ.

ಹೀಗೆ ಮೊದಲನೆಯ ಕರೆಗೂ ಮುಂದಿನ ಹಾಜರಾತಿಗೂ ನಡುವೆ ಇರುವ ಅಂತರವನ್ನು ತುಂಬಲು ಸಂಕ್ಷಿಪ್ತ ಸಂದೇಶ ಸಮರ್ಥವೇ ಎಂಬುದನ್ನು ಪರದೇಶಗಳಲ್ಲಿ ಕ್ರಮಬದ್ಧವಾಗಿ ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ನೆಬ್ರಾಸ್ಕ ರಾಜ್ಯದಲ್ಲಿ ಕೈಫೋನಿಗಿಂತ ಮೊದಲು ಅಂಚೆ ಕಾರ್ಡಿನಿಂದಲೇ ಈ ಪ್ರಯೋಗ ನಡೆಯಿತು. 14 ಜಿಲ್ಲೆಗಳಲ್ಲಿ ಸಣ್ಣ ಅಪರಾಧಗಳ ಆಪಾದನೆಗೊಳಗಾದ 7,865 ಮಂದಿಯನ್ನು ಬೇರೆ ಬೇರೆ ಗುಂಪುಗಳಾಗಿ ವಿಂಗಡಿಸಲಾಯಿತು. ಕಾರ್ಡು ಬಾರದವರಲ್ಲಿ ನೂರಕ್ಕೆ 12.6 ಮಂದಿ ಗೈರುಹಾಜರಾದರು. ಬಾರದಿದ್ದರೆ ಏನಾಗುವುದೆಂದು ತಿಳಿಸಿದ ಕಾರ್ಡು ಪಡೆದವರಲ್ಲಿ ಆ ಸಂಖ್ಯೆ 8.3ಕ್ಕೆ ಇಳಿಯಿತು. ನ್ಯೂಯಾರ್ಕ್ ನಗರದಲ್ಲಿ ಇದಕ್ಕೂ ವಿಸ್ತಾರವಾದ ಅಧ್ಯಯನ ನಡೆದು 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಲ್ಲಿ ಸಣ್ಣ ತಪ್ಪುಗಳಿಗೆ ಪೊಲೀಸರು ಕೊಡುವ ಸಮನ್ಸಿನ ಚೀಟಿಯನ್ನೇ ಮೊದಲು ತಿದ್ದಿದರು: ದಿನಾಂಕವನ್ನೂ ಸ್ಥಳವನ್ನೂ ಮೇಲಕ್ಕೆ ತಂದು, ಬಾರದಿದ್ದರೆ ವಾರಂಟು ಹೊರಡುವುದೆಂಬುದನ್ನು ಎದ್ದುಕಾಣುವಂತೆ ಅಚ್ಚುಮಾಡಿದರು. ಇಷ್ಟರಿಂದಲೇ ಗೈರುಹಾಜರಿ ಸುಮಾರು ಶೇಕಡಾ 13ರಷ್ಟು ತಗ್ಗಿತು. ವಾಯಿದೆಗೆ ಏಳು ದಿನ, ಮೂರು ದಿನ, ಒಂದು ದಿನ ಮುಂಚಿತವಾಗಿ ಕೈಫೋನಿಗೆ ಸಂದೇಶ ಕಳುಹಿಸಿದಾಗ ಸುಮಾರು ಶೇಕಡಾ 21ರಷ್ಟು ತಗ್ಗಿತು. ಕ್ಯಾಲಿಫೋರ್ನಿಯದ ಸಾಂತಾ ಕ್ಲಾರಾ ಜಿಲ್ಲೆಯಲ್ಲಿ ಸರ್ಕಾರಿ ವಕೀಲರ ನೆರವು ಪಡೆದ ಕಕ್ಷಿದಾರರ ನಡುವೆ ನಡೆದ ಪ್ರಯೋಗದಲ್ಲಿ, ಗೈರುಹಾಜರಿಗಾಗಿ ಹೊರಟ ವಾರಂಟುಗಳು ನೂರಕ್ಕೆ 12.1ರಿಂದ 9.7ಕ್ಕೆ ಇಳಿದವು.

ಅಂಕಿಗಳಿಗಿಂತಲೂ ಈ ಅಧ್ಯಯನಗಳು ಕಲಿಸುವ ಇನ್ನೊಂದು ಪಾಠ ಹೆಚ್ಚು ಬೆಲೆಯುಳ್ಳದ್ದು. ವಾಯಿದೆಗೆ ಬಾರದವನು ಬೇಕೆಂದೇ ಬರಲಿಲ್ಲ, ತಲೆಮರೆಸಿಕೊಂಡಿದ್ದಾನೆ ಎಂಬುದು ಸಾಮಾನ್ಯರ ಮೊದಲ ಊಹೆ. ನ್ಯೂಯಾರ್ಕಿನ ಸಂಶೋಧಕರು ಜನಸಾಮಾನ್ಯರನ್ನು ಕೇಳಿದಾಗಲೂ ಅದೇ ಅಭಿಪ್ರಾಯ ಕಂಡುಬಂತು; ಆದುದರಿಂದಲೇ ಜನ ಜ್ಞಾಪನೆಗಿಂತ ದಂಡನೆಯನ್ನು ಹೆಚ್ಚಿಸುವ ಕಡೆಗೆ ವಾಲಿದರು. ಆದರೆ ಬೇಕೆಂದು ತಪ್ಪಿಸಿಕೊಂಡವನನ್ನು ಒಂದು ಸಾಲಿನ ಸಂದೇಶ ಹಿಂದಕ್ಕೆ ಕರೆತರಲಾರದು. ಸಂದೇಶದಿಂದ ಐವರಲ್ಲಿ ಒಬ್ಬ ಗೈರುಹಾಜರಿ ಹಿಂದಿರುಗಿದನೆಂದರೆ, ಅಷ್ಟು ಮಂದಿಯಾದರೂ ಕೇವಲ ಮರೆತಿದ್ದರು ಅಥವಾ ತಿಳಿಯದೆ ಉಳಿದಿದ್ದರು ಎಂದೇ ಅರ್ಥ. ಮರೆವಿಗೆ ವಾರಂಟು ಮದ್ದಲ್ಲ.

ಈ ಪರದೇಶದ ಫಲಿತಾಂಶವನ್ನು ಹಾಗೆಯೇ ಮಳವಳ್ಳಿಗೆ ಅನ್ವಯಿಸಿ ಸಂತೋಷಪಡುವುದು ಮಾತ್ರ ಅವಸರವಾದೀತು. ಅಲ್ಲಿಯ ಸಣ್ಣ ಪ್ರಕರಣಗಳು ಒಂದೆರಡು ಹಾಜರಾತಿಯಲ್ಲಿ ಮುಗಿಯುವಂಥವು. ಇಲ್ಲಿಯ ಒಂದು ಪಾಲಿನ ದಾವೆಗೆ ವರ್ಷಗಟ್ಟಲೆ ವಾಯಿದೆಗಳು ಬೀಳುತ್ತವೆ. ದೇಶದ ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳಲ್ಲಿ ಬಾಕಿಯಿರುವ ಪ್ರಕರಣಗಳು ನಾಲ್ಕು ಕೋಟಿಯನ್ನು ಮೀರಿವೆ. ಒಬ್ಬ ಕಕ್ಷಿದಾರ ಮೊದಲ ಐದು ವಾಯಿದೆಗೆ ಶ್ರದ್ಧೆಯಿಂದ ಹೋಗಿ, ಐದೂ ಸಲ ‘ಮುಂದಕ್ಕೆ’ ಎಂಬ ಒಂದೇ ಮಾತನ್ನು ಕೇಳಿ ಹಿಂದಿರುಗಿದ ಮೇಲೆ ಆರನೆಯದಕ್ಕೆ ಹೋಗದಿದ್ದರೆ, ಅದು ಮರೆವೂ ಅಲ್ಲ, ಉದ್ಧಟತನವೂ ಅಲ್ಲ. ಅನುಭವ ಕಲಿಸಿದ ಲೆಕ್ಕಾಚಾರ. ಆದುದರಿಂದ ಇಲ್ಲಿ ಬೇಕಾದ ಸಂದೇಶ ಎರಡು ಬಗೆಯದು. ‘ಬನ್ನಿ’ ಎನ್ನುವುದು ಒಂದು. ‘ಈ ದಿನ ನ್ಯಾಯಾಧೀಶರು ರಜೆಯಲ್ಲಿದ್ದಾರೆ, ಬರಬೇಡಿ, ಮುಂದಿನ ದಿನಾಂಕ ಇಂಥದು’ ಎನ್ನುವುದು ಇನ್ನೊಂದು. ಎರಡನೆಯದು ಬಂದರೆ ಒಂದು ದಿನದ ಕೂಲಿಯೂ ಬಸ್ಸಿನ ವೆಚ್ಚವೂ ಉಳಿಯುವುದಲ್ಲದೆ, ಮೊದಲನೆಯದು ಬಂದಾಗ ಜನ ಅದನ್ನು ನಂಬುತ್ತಾರೆ. ಬರಬೇಡಿ ಎಂದು ಎಂದೂ ಹೇಳದವರ ‘ಬನ್ನಿ’ಗೆ ಬೆಲೆ ಕಡಿಮೆ.

ಭಾರತದಲ್ಲಿ ಇದಕ್ಕೆ ಬೇಕಾದ ಸಲಕರಣೆ ಈಗಾಗಲೇ ಇದೆ ಎಂಬುದನ್ನು ಬಹಳ ಮಂದಿ ಅರಿಯರು. 2007ರಲ್ಲಿ ಆರಂಭವಾದ ಇ-ಕೋರ್ಟ್ಸ್ ಯೋಜನೆ ತಾಲ್ಲೂಕು ನ್ಯಾಯಾಲಯಗಳಿಗೂ ಗಣಕಯಂತ್ರವನ್ನು ತಂದಿತು. 2015ರಲ್ಲಿ ರಾಷ್ಟ್ರೀಯ ನ್ಯಾಯಿಕ ದತ್ತಾಂಶ ಜಾಲ ಸಾರ್ವಜನಿಕರಿಗೆ ತೆರೆಯಿತು. ಯೋಜನೆಯ ಮೂರನೆಯ ಹಂತಕ್ಕೆ 2023ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ 7,210 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. ಈ ವ್ಯವಸ್ಥೆಯಲ್ಲಿ ಪ್ರತಿಯೊಂದು ಪ್ರಕರಣಕ್ಕೂ ಸಿಎನ್‌ಆರ್ ಎಂಬ ಹದಿನಾರು ಅಕ್ಷರ-ಅಂಕಿಗಳ ಗುರುತು ಸಂಖ್ಯೆಯಿದೆ. ಮೊದಲ ಎರಡು ಅಕ್ಷರಗಳು ರಾಜ್ಯವನ್ನು, ಮುಂದಿನವು ಜಿಲ್ಲೆಯನ್ನೂ ನ್ಯಾಯಾಲಯವನ್ನೂ, ಕೊನೆಯ ನಾಲ್ಕು ಅಂಕಿಗಳು ವರ್ಷವನ್ನು ಸೂಚಿಸುತ್ತವೆ. ಜಮೀನಿಗೆ ಸರ್ವೆ ನಂಬರು ಹೇಗೋ ಪ್ರಕರಣಕ್ಕೆ ಇದು ಹಾಗೆ. ದಾವೆ ಹೂಡುವಾಗ ಅಥವಾ ವಕಾಲತ್ತು ಸಲ್ಲಿಸುವಾಗ ಕಕ್ಷಿದಾರನ ಕೈಫೋನಿನ ಸಂಖ್ಯೆಯನ್ನು ನಮೂದಿಸಿದ್ದರೆ, ಮುಂದಿನ ದಿನಾಂಕವೇ ಮೊದಲಾದ ಸುದ್ದಿಗಳು ಆ ಸಂಖ್ಯೆಗೆ ತಾವಾಗಿಯೇ ಹೋಗುವ ಏರ್ಪಾಡು ಅದರಲ್ಲಿದೆ. ಸುದ್ದಿ ಬಾರದಿದ್ದರೆ ಕೇಳಿ ಪಡೆಯುವ ದಾರಿಯೂ ಉಂಟು: ಇಂಗ್ಲಿಷ್ ಲಿಪಿಯಲ್ಲಿ ಇಕೋರ್ಟ್ಸ್ ಎಂದು ಬರೆದು, ಜಾಗ ಬಿಟ್ಟು, ಸಿಎನ್‌ಆರ್ ಸಂಖ್ಯೆಯನ್ನು ಸೇರಿಸಿ 9766899899 ಎಂಬ ಸಂಖ್ಯೆಗೆ ಸಂದೇಶ ಕಳುಹಿಸಿದರೆ ಪ್ರಕರಣದ ಸ್ಥಿತಿಗತಿ ಮರುಸಂದೇಶವಾಗಿ ಬರುತ್ತದೆ. ಬೆಲೆಬಾಳುವ ಫೋನು ಬೇಕಾಗಿಲ್ಲ; ಗುಂಡಿಯ ಫೋನು ಸಾಕು.

ಹಾಗಿದ್ದೂ ಕಿರುಗಾವಲಿನಂಥ ಊರಿನ ಕಕ್ಷಿದಾರನಿಗೆ ಇದು ತಲುಪದಿರಲು ಕಾರಣಗಳನ್ನು ದೂರ ಹುಡುಕಬೇಕಾಗಿಲ್ಲ. ಇದೇ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿಯೇ ಕೋಲಾರದ ಚಿನ್ನದ ಗಣಿಯನ್ನು ತಲುಪಿತು; ತಂತಿ ಹಾದುಹೋದ ದಾರಿಯ ಹಳ್ಳಿಗಳ ಮನೆಗಳಲ್ಲಿ ದೀಪ ಹೊತ್ತಲು ಅನಂತರ ದಶಕಗಳೇ ಬೇಕಾದವು. ಸಂದೇಶದ ವಿಷಯದಲ್ಲಿ ತಂತಿ ತುಂಡಾಗುವುದು ಬಹುಮಟ್ಟಿಗೆ ಒಂದೇ ಕಡೆ: ಕಡತದಲ್ಲಿ ಬರೆದಿರುವ ಫೋನಿನ ಸಂಖ್ಯೆಯಲ್ಲಿ. ಕಕ್ಷಿದಾರನ ಸಂಖ್ಯೆಯ ಜಾಗದಲ್ಲಿ ವಕೀಲರದೋ ಗುಮಾಸ್ತರದೋ ಸಂಖ್ಯೆಯಿದ್ದರೆ ಸುದ್ದಿ ಅವರಿಗೆ ಹೋಗುತ್ತದೆ, ಅವರಿಗೆ ಅದು ಮೊದಲೇ ಗೊತ್ತಿರುತ್ತದೆ. ಸಿಮ್ಮು ಬದಲಾಯಿಸಿದವನು ಬ್ಯಾಂಕಿಗೂ ಅನಿಲದ ಏಜೆನ್ಸಿಗೂ ತಿಳಿಸುತ್ತಾನೆ, ನ್ಯಾಯಾಲಯಕ್ಕೆ ತಿಳಿಸಬೇಕೆಂದು ಅವನಿಗೆ ತೋಚುವುದಿಲ್ಲ. ಒಂದು ಮನೆಗೆ ಒಂದೇ ಫೋನಿದ್ದು ಅದು ಬೆಂಗಳೂರಿನಲ್ಲಿರುವ ಮಗನ ಕೈಯಲ್ಲಿದ್ದರೆ, ಮಳವಳ್ಳಿಯ ಸಂದೇಶ ಬೆಂಗಳೂರಿನ ಬಸ್ಸಿನಲ್ಲಿ ಓದಿಸಿಕೊಂಡು ಅಲ್ಲಿಯೇ ಉಳಿಯುತ್ತದೆ. ಇವೆಲ್ಲಕ್ಕೂ ಪರಿಹಾರ ಅತಿ ಸರಳವಾದುದು; ಪ್ರತಿ ಹಾಜರಾತಿಯಂದು ‘ನಿಮ್ಮ ಫೋನಿನ ಸಂಖ್ಯೆ ಇದೇ ತಾನೆ?’ ಎಂದು ಯಾರಾದರೊಬ್ಬರು ಕೇಳಬೇಕು. ಸರಳವಾದುದರಿಂದಲೇ ಅದು ಯಾರ ಕೆಲಸವೂ ಆಗದೆ ಉಳಿಯುವ ಅಪಾಯವಿದೆ.

ದಿನಾಂಕ ಗೊತ್ತಾದ ದಿನವೇ ಬರುವ ಸುದ್ದಿಗೂ, ಆ ದಿನಾಂಕ ಸಮೀಪಿಸಿದಾಗ ಬರುವ ಜ್ಞಾಪನೆಗೂ ಇರುವ ಭೇದವನ್ನೂ ಇಲ್ಲಿ ಹೇಳಬೇಕು. ಎರಡು ತಿಂಗಳ ಮುಂಚೆ ಬಂದ ಸಂದೇಶ ರೀಚಾರ್ಜು, ಸಾಲ, ಲಾಟರಿಗಳ ನೂರು ಸಂದೇಶಗಳ ಅಡಿಯಲ್ಲಿ ಹೂತುಹೋಗಿರುತ್ತದೆ. ನ್ಯೂಯಾರ್ಕಿನವರು ಏಳು, ಮೂರು, ಒಂದು ಎಂಬ ಕ್ರಮವನ್ನು ಆರಿಸಿಕೊಂಡುದರಲ್ಲಿ ವಿವೇಕವಿದೆ. ಏಳು ದಿನ ಮುಂಚೆ ಬಂದುದು ಆಳುಕಾಳಿನ ಏರ್ಪಾಡಿಗೆ, ಮೂರು ದಿನ ಮುಂಚೆ ಬಂದುದು ಬಸ್ಸಿನ ಹಣಕ್ಕೆ, ಮುನ್ನಾದಿನ ಬಂದುದು ಅಂಗಿ ಒಗೆದಿಡುವುದಕ್ಕೆ.

ಸಂದೇಶದ ಭಾಷೆಯ ಪ್ರಶ್ನೆ ಅಧ್ಯಾಪಕರಿಗೆ ಹೆಚ್ಚು ಆಸಕ್ತಿ ಹುಟ್ಟಿಸಬಹುದು. 1992ರ ಡಿಸೆಂಬರಿನಲ್ಲಿ ಇಂಗ್ಲೆಂಡಿನಲ್ಲಿ ಮೊತ್ತಮೊದಲ ಸಂಕ್ಷಿಪ್ತ ಸಂದೇಶ ಹೊರಟಾಗ ಅದರ ಅಳತೆಯನ್ನು ನಿಗದಿಮಾಡಿದ್ದು ಲ್ಯಾಟಿನ್ ಲಿಪಿಯನ್ನು ಕಣ್ಣಮುಂದಿಟ್ಟುಕೊಂಡು. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರಗಳ ಅವಕಾಶವಿದ್ದರೆ, ಯೂನಿಕೋಡಿನಲ್ಲಿ ಬರೆಯುವ ಕನ್ನಡಕ್ಕೆ ಇರುವುದು 70 ಸಂಕೇತಗಳು ಮಾತ್ರ. ಅಷ್ಟೇ ಅಲ್ಲ, ಕನ್ನಡದ ಗುಣಿತವೂ ಒತ್ತಕ್ಷರವೂ ಬೇರೆ ಬೇರೆಯಾಗಿಯೇ ಎಣಿಕೆಗೆ ಬರುತ್ತವೆ. ‘ನ್ಯಾಯಾಲಯ’ ಎಂಬುದು ಓದುವವನಿಗೆ ನಾಲ್ಕು ಅಕ್ಷರ. ಯಂತ್ರಕ್ಕೆ ಎಂಟು ಸಂಕೇತ. ‘ಮಾನ್ಯ ಕಿರಿಯ ಸಿವಿಲ್ ನ್ಯಾಯಾಧೀಶರು ಹಾಗೂ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಗಳ ನ್ಯಾಯಾಲಯ’ ಎಂದು ಗೌರವಪೂರ್ವಕವಾಗಿ ಬರೆದರೆ ಹೆಸರು ಮುಗಿಯುವ ಮೊದಲೇ ಎಪ್ಪತ್ತು ಮುಗಿದು, ದಿನಾಂಕಕ್ಕೆ ಸ್ಥಳವೇ ಇಲ್ಲದಾಗುತ್ತದೆ. ಉದ್ದವಾದ ಸಂದೇಶ ಎರಡು ಮೂರು ತುಂಡಾಗಿ ಹೋಗುತ್ತದೆ. ಕಳುಹಿಸುವವರಿಗೆ ಅಷ್ಟರಮಟ್ಟಿಗೆ ಖರ್ಚೂ ಹೆಚ್ಚು. ಈ ಕಾರಣದಿಂದ ಇಂಗ್ಲಿಷಿನಲ್ಲೇ ಕಳುಹಿಸಿಬಿಡುವ ಪ್ರಲೋಭನೆ ಯಾವ ಕಚೇರಿಗಾದರೂ ಸಹಜ.

ಆದರೆ ‘ನಾಳೆ ಸೋಮವಾರ ಬೆಳಿಗ್ಗೆ 11ಕ್ಕೆ ಮಳವಳ್ಳಿ ಕೋರ್ಟಿಗೆ ಬನ್ನಿ’ ಎಂಬ ವಾಕ್ಯ ಐವತ್ತು ಸಂಕೇತಗಳಲ್ಲಿ ಮುಗಿಯುತ್ತದೆ. ಪ್ರಕರಣದ ಸಂಖ್ಯೆಯನ್ನು ಸೇರಿಸಿದರೂ ಎಪ್ಪತ್ತು ದಾಟದು. ಇದರಲ್ಲಿ ತಿಳಿಯದ ಪದ ಒಂದೂ ಇಲ್ಲ. ಮನೆಯಲ್ಲಿ ಉರ್ದು ಆಡುವ ಕುಟುಂಬಗಳೂ ಕಿರುಗಾವಲಿನಲ್ಲಿವೆ. ಅವರ ಮಕ್ಕಳೂ ಶಾಲೆಯಲ್ಲಿ ಕನ್ನಡ ಕಲಿಯುವುದರಿಂದ ಇಷ್ಟು ಸರಳವಾದ ಕನ್ನಡ ಯಾವ ಮನೆಗೂ ಹೊರತಲ್ಲ. ‘ಹಾಜರಾಗತಕ್ಕದ್ದು, ತಪ್ಪಿದಲ್ಲಿ ಮುಂದಿನ ಕ್ರಮ ಜರುಗಿಸಲಾಗುವುದು’ ಎಂಬ ಕಚೇರಿಯ ಕನ್ನಡಕ್ಕೆ ಅದರದೇ ಆದ ಸ್ಥಾನವಿದೆ. ಜ್ಞಾಪನೆಯ ಸ್ಥಾನ ಅದಲ್ಲ. ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ಸಮನ್ಸಿನ ಮಾದರಿಯೊಂದನ್ನು ಕೊಟ್ಟು ಅದರ ಸಾರವನ್ನು ಎಪ್ಪತ್ತು ಸಂಕೇತಗಳಲ್ಲಿ ಬರೆಯಿರಿ ಎಂದರೆ ಅದು ಸಂಕ್ಷೇಪ ಲೇಖನಕ್ಕೆ ಯೋಗ್ಯವಾದ ಅಭ್ಯಾಸವಾಗುತ್ತದೆ, ಪೌರನೀತಿಗೂ ಆಗುತ್ತದೆ. ಅಕ್ಷರ ಬಾರದ ಅಜ್ಜ ಅಜ್ಜಿಯರ ಫೋನಿಗೆ ಬರುವ ಸಂದೇಶವನ್ನು ಓದಿ ಹೇಳುವವರು ಎಷ್ಟೋ ಮನೆಗಳಲ್ಲಿ ಆ ವಿದ್ಯಾರ್ಥಿಗಳೇ ಆಗಿರುವುದರಿಂದ, ಈ ಅಭ್ಯಾಸ ಪುಸ್ತಕದಲ್ಲಿಯೇ ಉಳಿಯುವಂಥದಲ್ಲ.

ಜ್ಞಾಪನೆಗೂ ಸಮನ್ಸಿನ ಜಾರಿಗೂ ಇರುವ ಭೇದವನ್ನು ಗೊಂದಲವಿಲ್ಲದೆ ತಿಳಿದಿರುವುದು ಅವಶ್ಯಕ. 2020ರ ಜುಲೈ 10ರಂದು, ಮಹಾಮಾರಿಯ ಕಾಲದಲ್ಲಿ, ಅಂಚೆ ಕಚೇರಿಗೆ ಹೋಗುವುದೇ ಕಷ್ಟವಾಗಿದ್ದಾಗ ನೋಟೀಸು ಸಮನ್ಸುಗಳನ್ನು ಇ-ಮೇಲ್, ಫ್ಯಾಕ್ಸ್ ಮತ್ತು ವಾಟ್ಸ್‌ಆ್ಯಪ್‌ನಂಥ ಸಾಧನಗಳ ಮೂಲಕವೂ ತಲುಪಿಸಬಹುದೆಂದು ಸರ್ವೋಚ್ಚ ನ್ಯಾಯಾಲಯ ಅನುಮತಿಸಿತು. ನಾಗರಿಕ ಸುರಕ್ಷಾ ಸಂಹಿತೆಯೂ ನ್ಯಾಯಾಲಯದ ಮೊಹರಿನ ಚಿತ್ರವುಳ್ಳ ಸಮನ್ಸನ್ನು, ರಾಜ್ಯ ಸರ್ಕಾರದ ನಿಯಮಗಳಿಗೆ ಒಳಪಟ್ಟು, ವಿದ್ಯುನ್ಮಾನ ವಿಧಾನದಲ್ಲಿ ಜಾರಿ ಮಾಡಲು ಎಡೆಮಾಡಿಕೊಟ್ಟಿದೆ. ಇದಕ್ಕಾಗಿ ಜನರ ವಿಳಾಸ, ಇ-ಮೇಲ್, ಫೋನಿನ ಸಂಖ್ಯೆಗಳ ವಹಿಯನ್ನು ಇಡಬೇಕೆಂದೂ ಹೇಳಿದೆ. ಆದರೆ ತನಿಖೆಗಾಗಿ ಹಾಜರಾಗುವಂತೆ ಪೊಲೀಸರು ಕೊಡುವ ನೋಟೀಸನ್ನು ವಾಟ್ಸ್‌ಆ್ಯಪ್‌ ಮೊದಲಾದವುಗಳ ಮೂಲಕ ಕೊಟ್ಟರೆ ಸಾಲದೆಂದು ಸರ್ವೋಚ್ಚ ನ್ಯಾಯಾಲಯ 2025ರ ಜನವರಿಯಲ್ಲಿ ನಿರ್ದೇಶಿಸಿತು. ಹಾಜರಾಗದವನನ್ನು ಬಂಧಿಸಲು ಅವಕಾಶವಿರುವಾಗ, ಅವನಿಗೆ ಕರೆ ನಿಜವಾಗಿಯೂ ಮುಟ್ಟಿತೇ ಎಂಬುದು ಊಹೆಯ ವಿಷಯವಾಗಕೂಡದು ಎಂಬ ಎಚ್ಚರ ಇದರ ಹಿಂದಿದೆ. ಜ್ಞಾಪನೆಯ ಸಂದೇಶ ಇವೆರಡಕ್ಕಿಂತಲೂ ವಿನಮ್ರವಾದುದು. ಅದು ಬಂತೆಂದು ಕಾನೂನಿನ ಕರೆ ಜಾರಿಯಾದಂತಾಗದು. ಅದು ಬರಲಿಲ್ಲವೆಂದು ಗೈರುಹಾಜರಿಗೆ ಕ್ಷಮೆಯೂ ದೊರೆಯದು. ‘ನನಗೆ ಮೆಸೇಜು ಬರಲಿಲ್ಲ ಸ್ವಾಮಿ’ ಎಂದು ನ್ಯಾಯಾಧೀಶರ ಮುಂದೆ ಕೈಮುಗಿದು ನಿಂತವನಿಗೆ ಅದರಿಂದ ಅನುಕಂಪ ದೊರೆತರೂ ದೊರೆತೀತು, ಹಕ್ಕು ದೊರೆಯದು.

ಇನ್ನೊಂದು ವಿಪತ್ತು ಇತ್ತೀಚಿನದು. ನ್ಯಾಯಾಲಯದ ಹೆಸರಿನಲ್ಲಿ, ಪೊಲೀಸರ ಹೆಸರಿನಲ್ಲಿ ಸುಳ್ಳು ಸಂದೇಶ ಕಳುಹಿಸಿ, ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ಹಣ ಕೀಳುವ ವಂಚಕರ ಹಾವಳಿ 2024ರಿಂದೀಚೆಗೆ ದೇಶದಾದ್ಯಂತ ಸುದ್ದಿಯಾಗಿದೆ. ಅಂಥ ಬಂಧನವೊಂದು ಯಾವ ಕಾನೂನಿನಲ್ಲಿಯೂ ಇಲ್ಲ. ವಂಚಕರ ಭಯದಿಂದ ಜನ ನಿಜವಾದ ಜ್ಞಾಪನೆಯನ್ನೂ ಅಳಿಸಿಹಾಕಿದರೆ ಇಡೀ ಏರ್ಪಾಡು ವ್ಯರ್ಥ. ನಿಜವಾದ ಜ್ಞಾಪನೆಯನ್ನು ಗುರುತಿಸುವ ಬಗೆ ಹೀಗೆ: ಅದು ದಿನಾಂಕವನ್ನು ಹೇಳುತ್ತದೆ, ಹಣವನ್ನು ಕೇಳುವುದಿಲ್ಲ, ಗುಟ್ಟಿನ ಸಂಖ್ಯೆಯನ್ನು ಕೇಳುವುದಿಲ್ಲ, ಫೋನಿನಲ್ಲಿಯೇ ಮುಖ ತೋರಿಸಿ ಕುಳಿತಿರೆಂದು ಹೇಳುವುದಿಲ್ಲ. ಸಂಶಯ ಬಂದರೆ ಸಿಎನ್‌ಆರ್ ಸಂಖ್ಯೆಯಿಂದ ತಾಳೆ ನೋಡಬಹುದು, ಇಲ್ಲವೇ ವಕೀಲರನ್ನು ಕೇಳಬಹುದು.

ಇಷ್ಟಾದರೂ ಸಂದೇಶದ ಕೈಗೆ ಮೀರಿದವರು ಕೆಲವರಿರುತ್ತಾರೆ. ಕಬ್ಬು ಕಡಿಯುವ ಗುಂಪಿನೊಡನೆ ಊರೂರು ತಿರುಗುವವನಿಗೆ ದಿನಾಂಕ ನೆನಪಿದ್ದರೂ ಬರುವ ದಾರಿ ಇರುವುದಿಲ್ಲ. ವಕೀಲರಿಗೆ ಕೊಡಬೇಕಾದ ಹಣ ಹೊಂದಿಸಲಾಗದೆ ಮುಖ ತಪ್ಪಿಸುವವನಿಗೆ ಜ್ಞಾಪನೆ ನೋವನ್ನೇ ಹೆಚ್ಚಿಸೀತು. ಅಂಥವನಿಗೆ ಬೇಕಾದುದು ನೆನಪಲ್ಲ, ನೆರವು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಮಹಿಳೆಯರಿಗೂ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ, ನಿಗದಿತ ಮಿತಿಗಿಂತ ಕಡಿಮೆ ವರಮಾನದವರಿಗೂ ಉಚಿತವಾಗಿ ವಕೀಲರನ್ನು ಒದಗಿಸುವ ಹೊಣೆ ಕಾನೂನು ಸೇವೆಗಳ ಸಮಿತಿಗಳದು. ವಾರಂಟು ಹೊರಟಿದೆಯೆಂದು ಕೇಳಿ ಹೆದರಿ ಇನ್ನೂ ದೂರ ಹೋಗುವವರಿಗೆ ಒಂದು ಮಾತು ತಿಳಿದಿರಬೇಕು: ಸರ್ವೋಚ್ಚ ನ್ಯಾಯಾಲಯ 2007ರಲ್ಲಿಯೇ ಮೊದಲು ಸಮನ್ಸು, ಅನಂತರ ಜಾಮೀನು ಸಹಿತವಾದ ವಾರಂಟು, ಅದಕ್ಕೂ ಬಾರದಿದ್ದಾಗ ಮಾತ್ರ ಜಾಮೀನುರಹಿತ ವಾರಂಟು ಎಂಬ ಮೆಟ್ಟಿಲುಗಳನ್ನು ಸಾಮಾನ್ಯ ಕ್ರಮವಾಗಿ ಹೇಳಿದೆ. ತಾನಾಗಿಯೇ ಹೋಗಿ ಹಾಜರಾಗಿ ಕಾರಣ ತಿಳಿಸಿ ವಾರಂಟನ್ನು ರದ್ದುಪಡಿಸಿಕೊಳ್ಳುವವನ ಸ್ಥಿತಿ, ಪೊಲೀಸರು ಹಿಡಿದು ತಂದವನ ಸ್ಥಿತಿಗಿಂತ ಎಷ್ಟೋ ಮೇಲು.

ಮಳವಳ್ಳಿಗೆ ಮುಂದಿನ ಸಲ ಹೋಗುವ ಕಕ್ಷಿದಾರ ಮಾಡಬೇಕಾದ ಕೆಲಸ ಅರ್ಧ ಗಂಟೆಯದು. ವಕೀಲರಿಂದಲೋ ನ್ಯಾಯಾಲಯದ ಕಚೇರಿಯಿಂದಲೋ ತನ್ನ ಪ್ರಕರಣದ ಹದಿನಾರು ಅಕ್ಷರ-ಅಂಕಿಗಳ ಸಂಖ್ಯೆಯನ್ನು ಬರೆಸಿಕೊಳ್ಳುವುದು. ಕಡತದಲ್ಲಿರುವ ಫೋನಿನ ಸಂಖ್ಯೆ ತನ್ನದೇ ಎಂದು ನೋಡಿಕೊಳ್ಳುವುದು, ಅಲ್ಲದಿದ್ದರೆ ಬದಲಾಯಿಸಲು ವಕೀಲರ ಮೂಲಕ ಬರೆದುಕೊಡುವುದು. ಆ ಸಂಖ್ಯೆಯನ್ನು ಮನೆಯ ಪಂಚಾಂಗದ ಹಿಂಬದಿಯಲ್ಲಿ, ಪಹಣಿಯ ಜೊತೆಯಲ್ಲಿ, ಶಾಲೆಗೆ ಹೋಗುವ ಮಗುವಿನ ಕೈಯಲ್ಲಿ ದೊಡ್ಡಕ್ಷರದಲ್ಲಿ ಬರೆಸಿಡುವುದು. ವಕೀಲರಿಲ್ಲದವನು 15100 ಎಂಬ ಕಾನೂನು ಸೇವೆಗಳ ಸಹಾಯವಾಣಿಗೆ ಕರೆ ಮಾಡಬಹುದು. ಅದಕ್ಕೆ ಕಾಸು ತಗಲುವುದಿಲ್ಲ.